ಸಿದಿಗೆ ಎಂಬ ಹಳೆಯ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಈಗ ಶಿವಮೊಗ್ಗದಲ್ಲಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಪದಗಳ ಬಗ್ಗೆ ಕೇಳುವವರು ಕ್ಲಾಸಿನಲ್ಲೂ ಇದ್ದಾರೆ, ಊರಿನ ಜಗಲಿಯಲ್ಲೂ ಇದ್ದಾರೆ. ಈಚಿನ ವರ್ಷಗಳಲ್ಲಿ ‘ಸಿದಿಗೆ’ ಅನ್ನುವ ಪದದ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ಎಷ್ಟೋ ಜನರಿಗೆ ಅದು ಅಜ್ಜಿಯ ಬಾಯಲ್ಲಿ ಬೈಗುಳವಾಗಿ ಮಾತ್ರ ಗೊತ್ತು. ಆ ಪದದ ಹಿಂದೆ ಒಂದು ಕೆಲಸ ಇದೆ, ನಾಲ್ಕಾರು ಮನೆಯ ಜನ ಸೇರಿ ಮಾಡುವ ಕೆಲಸ. ಅದು ಗೊತ್ತಿಲ್ಲದೆ ಪದ ಮಾತ್ರ ಉಳಿದರೆ ನನಗೆ ಸಂಕಟ ಆಗುತ್ತದೆ. ಅದಕ್ಕೇ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಸಿದಿಗೆ ಅಂದರೆ ಏನು?

ಸತ್ತವರನ್ನು ಮಲಗಿಸಿ, ಹೆಗಲ ಮೇಲೆ ಹೊತ್ತು, ಸುಡುವ ಅಥವಾ ಹೂಳುವ ಜಾಗಕ್ಕೆ ಒಯ್ಯಲು ಕಟ್ಟುವ ಬಿದಿರಿನ ಹಾಸು. ನೋಡಲು ಅಗಲವಾದ ಏಣಿಯ ಹಾಗೆ ಇರುತ್ತದೆ. ಒಬ್ಬರಿಗಾಗಿ ಕಟ್ಟಿದ್ದು ಒಬ್ಬರಿಗೇ ಮುಗಿಯುತ್ತದೆ. ಅದನ್ನು ಎತ್ತಿಟ್ಟು ಇನ್ನೊಮ್ಮೆ ಬಳಸುವುದಿಲ್ಲ.

ಚಟ್ಟ ಅಂದರೂ ಅದೇ ಅಲ್ವಾ?

ಹೌದು, ವಸ್ತು ಒಂದೇ. ಚಟ್ಟ ಅನ್ನುವುದು ಕರ್ನಾಟಕದ ಎಲ್ಲ ಕಡೆ ತಿಳಿಯುವ ಪದ. ಪೇಪರಿನಲ್ಲಿ, ಸಿನಿಮಾದಲ್ಲಿ ಬರುವುದೂ ಅದೇ. ಸಿದಿಗೆ ಅನ್ನುವುದು ಮಲೆನಾಡಿನ ಹಿರಿಯರ ಬಾಯಲ್ಲಿ, ಉತ್ತರ ಕನ್ನಡದ ಕಡೆ, ಧಾರವಾಡದ ಆಚೆಗೂ ಕೇಳಿಸುತ್ತದೆ. ಬಯಲುಸೀಮೆ ದಾಟಿ ಉತ್ತರಕ್ಕೆ ಹೋದರೆ ‘ಸಿದಗಿ’ ಆಗುತ್ತದೆ. ನಮ್ಮ ಕಡೆ ಬೇಗ ಬೇಗ ಮಾತಾಡುವವರ ಬಾಯಲ್ಲಿ ‘ಸಿದ್ಗೆ’.

ಬಳಕೆಯಲ್ಲಿ ಒಂದು ಸಣ್ಣ ವ್ಯತ್ಯಾಸವನ್ನು ನಾನು ಗಮನಿಸಿದ್ದೇನೆ. ನಮ್ಮೂರಲ್ಲಿ ಸಿಟ್ಟು ಬಂದಾಗ ಎರಡೂ ಪದ ಬರುತ್ತವೆ. ಆದರೆ ನಿಜವಾಗಿ ಸಾವಾದ ದಿನ, ಕೆಲಸಕ್ಕೆ ನಿಂತ ಹಿರಿಯರು ‘ಸಿದಿಗೆ ಕಟ್ಟುವ’ ಅನ್ನುತ್ತಿದ್ದರೇ ಹೊರತು ಚಟ್ಟ ಅನ್ನುತ್ತಿರಲಿಲ್ಲ. ಚಟ್ಟ ಅನ್ನುವ ಪದದ ಒತ್ತಕ್ಷರ ಕಿವಿಗೆ ಬಡಿಯುತ್ತದೆ. ಸಿದಿಗೆ ಮೆತ್ತಗಿದೆ. ಸಾವಿನ ಮನೆಯ ಅಂಗಳದಲ್ಲಿ ಗಂಟಲು ತಗ್ಗಿಸಿ ಹೇಳಲು ಅದೇ ಸರಿ ಅನ್ನಿಸಿರಬೇಕು.

ಚಟ್ಟ ಪದಕ್ಕೆ ಹತ್ತಿರದ್ದು ತಮಿಳಿನಲ್ಲೂ ಇದೆ. ಅಲ್ಲಿ ‘ಚಟ್ಟಂ’ ಅಂದರೆ ಮರದ ಚೌಕಟ್ಟು. ಹೆಣ ಒಯ್ಯುವ ಚಟ್ಟಕ್ಕೆ ಮಾತ್ರ ತಮಿಳರು ‘ಪಾಡೈ’, ತೆಲುಗರು ‘ಪಾಡೆ’ ಅನ್ನುತ್ತಾರೆ.

ಚಟ್ಟ ಬೇರೆ, ಚಿತೆ ಬೇರೆನಾ?

ಬೇರೆ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ಯಾಕಂದರೆ ಬರೆಯುವವರೇ ತಪ್ಪುತ್ತಿದ್ದಾರೆ. ‘ಮಗ ಚಟ್ಟಕ್ಕೆ ಬೆಂಕಿ ಇಟ್ಟ’ ಅಂತ ಎಷ್ಟೋ ಕಡೆ ಓದಿದ್ದೇನೆ. ಬೆಂಕಿ ಇಡುವುದು ಚಿತೆಗೆ. ಚಟ್ಟ ಹೊರುವುದಕ್ಕೆ, ಚಿತೆ ಸುಡುವುದಕ್ಕೆ.

ಚಿತೆ ಸಂಸ್ಕೃತದಿಂದ ಬಂದದ್ದು. ಒಂದರ ಮೇಲೊಂದು ಪೇರಿಸು, ಒಟ್ಟು ಎಂಬ ಅರ್ಥದ ಧಾತುವಿನಿಂದ ಹುಟ್ಟಿದೆ. ಕನ್ನಡದ ಕ್ರಿಯಾಪದವೂ ಅದಕ್ಕೇ ಹೊಂದುತ್ತದೆ, ನೋಡಿ. ನಾವು ‘ಸೌದೆ ಒಟ್ಟುವುದು’ ಅನ್ನುತ್ತೇವೆ. ಬೌದ್ಧರ ‘ಚೈತ್ಯ’ಕ್ಕೂ ಇದೇ ಬೇರು.

ಹಾಗಾಗಿ ಸಿದಿಗೆ ಅಥವಾ ಚಟ್ಟವನ್ನು ಕಟ್ಟುತ್ತಾರೆ, ಹೊರುತ್ತಾರೆ, ಇಳಿಸುತ್ತಾರೆ. ಚಿತೆಯನ್ನು ಒಟ್ಟುತ್ತಾರೆ ಇಲ್ಲವೇ ಜೋಡಿಸುತ್ತಾರೆ, ಅದಕ್ಕೆ ಕೊಳ್ಳಿ ಇಡುತ್ತಾರೆ. ಈ ಕ್ರಿಯಾಪದಗಳನ್ನು ನೆನಪಿಟ್ಟುಕೊಂಡರೆ ಸಾಕು, ಪದ ತಪ್ಪುವುದಿಲ್ಲ. ‘ಏರು’ ಎಂಬುದು ಮಾತ್ರ ಎರಡಕ್ಕೂ ನಡೆಯುತ್ತದೆ. ಚಟ್ಟ ಏರಿದ ಅಂದರೆ ಸತ್ತ ಅಂತಲೇ ಅರ್ಥ.

ಸಿದಿಗೆಯನ್ನು ಹೇಗೆ ಕಟ್ಟುತ್ತಾರೆ?

ನಾನು ಮೊದಲು ನೋಡಿದ್ದು ನಮ್ಮ ಅಜ್ಜಯ್ಯ ತೀರಿಕೊಂಡ ದಿನ. ಆಗ ನನಗೆ 11 ವರ್ಷ. ಆಷಾಢದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬೆಳಗಿನ ಜಾವ ಹೋಯಿತು ಜೀವ. ಬೆಳಕು ಹರಿಯುವಷ್ಟರಲ್ಲಿ ಆಚೆ ಮನೆಯವರು, ಕೆಳಗಿನ ಕೇರಿಯವರು ಕತ್ತಿ ಹಿಡಿದು, ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಬಂದಿದ್ದರು. ಯಾರೂ ಕರೆದಿರಲಿಲ್ಲ. ಇಬ್ಬರು ಸುಮ್ನೆ ತೋಟದ ತಲೆಯ ಬಿದಿರು ಮೆಳೆಯ ಕಡೆ ಹೋದರು. ಮಳೆಯ ಸದ್ದಿನ ನಡುವೆ ಕತ್ತಿಯ ಏಟು ಕೇಳಿಸಿತು.

ಎರಡು ಹಸಿ ಗಳ ತಂದರು. ಗಿಣ್ಣುಗಳ ಮುಳ್ಳನ್ನು ಸವರಿ, ಅಂಗೈಯಿಂದ ತಡವಿ ನೋಡಿದರು, ಹೊರುವವರ ಹೆಗಲಿಗೆ ಚುಚ್ಚಬಾರದು ಅಂತ. ಉದ್ದ ಅಳೆಯಲು ಒಬ್ಬರು ಒಳಗೆ ಹೋಗಿ ಅಜ್ಜಯ್ಯನ ಊರುಗೋಲನ್ನೇ ತಂದರು. ಗೋಲು ಅವರ ಎದೆಮಟ್ಟಕ್ಕೆ ಬರುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ಒಂದಿಷ್ಟು ಲೆಕ್ಕ ಹಾಕಿ, ತಲೆಯ ಕಡೆ ಒಂದು ಮೊಳ, ಕಾಲಿನ ಕಡೆ ಒಂದು ಮೊಳ ಜಾಸ್ತಿ ಬಿಟ್ಟರು. ಆ ಜಾಸ್ತಿ ಬಿಟ್ಟದ್ದು ಹೆಗಲಿಗೆ.

ಆಮೇಲೆ ಎರಡು ಗಳವನ್ನು ಒಂದೂವರೆ ಮೊಳದ ಅಂತರದಲ್ಲಿ ನೆಲಕ್ಕೆ ಇಟ್ಟು, ಮೇಲೆ ಅಡ್ಡ ದಬ್ಬೆಗಳನ್ನು ಜೋಡಿಸಿದರು. ಬಿದಿರು ಸೀಳಿದ ದಬ್ಬೆ ಸಾಲದೆ ಬಂದಾಗ ಅಡಿಕೆ ದಬ್ಬೆ ಸೇರಿಸಿದರು. ಸೊಂಟ ಬರುವ ಕಡೆ ದಬ್ಬೆ ಹತ್ತಿರ ಹತ್ತಿರ, ಯಾಕಂದರೆ ಭಾರ ಅಲ್ಲಿ. ಕಟ್ಟಲು ಒಬ್ಬ ಹಿರಿಯರು ಒದ್ದೆ ಹುಲ್ಲಿನಿಂದ ಅಲ್ಲೇ ಕೂತು ಹಗ್ಗ ಹೊಸೆದರು. ದಿನಾ ಹೊಸೆಯುವ ಹಾಗೆ ಅಲ್ಲ, ಎಡಕ್ಕೆ ಹೊಸೆದರು. ಯಾಕೆ ಅಂತ ಕೇಳಿದೆ. ‘ಇದು ದಿನಾ ಮಾಡೋ ಕೆಲ್ಸ ಅಲ್ಲ, ಮಗಾ’ ಅಂದರು, ಅಷ್ಟೇ. ಹಾಸಿನ ಮೇಲೆ ಭತ್ತದ ಹುಲ್ಲು ದಪ್ಪಕ್ಕೆ ಹರಡಿ, ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿದರು. ಒಬ್ಬರು ಅದರ ಮೇಲೆ ಎರಡೂ ಕೈ ಊರಿ ಬಲವಾಗಿ ಒತ್ತಿ ನೋಡಿದರು. ಒಂದು ಕಟ್ಟು ಸಡಿಲ ಅನ್ನಿಸಿತು. ಬಿಚ್ಚಿ ಮತ್ತೆ ಕಟ್ಟಿದರು.

ಬಂದವರಲ್ಲಿ ಆಚೆ ಮನೆಯವರಿಗೂ ನಮಗೂ ಬೇಲಿಯ ವಿಚಾರಕ್ಕೆ ಎರಡು ವರ್ಷದಿಂದ ಸರಿಯಾಗಿ ಮಾತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆ ಸಡಿಲ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದವರು ಬೇಲಿ ಜಗಳದ ಮನೆಯವರೇ. ಸಿದಿಗೆ ಅನ್ನುವ ಪದ ಕೇಳಿದಾಗಲೆಲ್ಲ ನನಗೆ ಕಾಣುವುದು ಆ ಕೈಗಳು.

ಪ್ರತಿ ಊರಿನಲ್ಲೂ, ಪ್ರತಿ ಜಾತಿಯಲ್ಲೂ ಕಟ್ಟುವ ಕ್ರಮದಲ್ಲಿ ಸಣ್ಣಪುಟ್ಟ ಬದಲಾವಣೆ ಇರುತ್ತದೆ. ಚಾಪೆಯ ಬದಲು ಹಸಿ ತೆಂಗಿನ ಗರಿ ನೇಯ್ದು ಹಾಸುವವರಿದ್ದಾರೆ. ನಾನು ಬರೆದದ್ದು ನಮ್ಮ ಅಂಗಳದಲ್ಲಿ ನೋಡಿದ್ದು.

ಬಿದಿರೇ ಯಾಕೆ?

ಕೈಗೆ ಸಿಗುತ್ತದೆ, ಹಗುರ, ಭಾರಕ್ಕೆ ಬಾಗುತ್ತದೆ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ಮಲೆನಾಡಿನ ಏರು ಇಳಿಜಾರಿನಲ್ಲಿ, ಗದ್ದೆಯ ಅಂಚಿನ ಮೇಲೆ, ಹಳ್ಳಕ್ಕೆ ಅಡ್ಡ ಹಾಕಿದ ಸಾರ (ಕಾಲುಸಂಕ) ದಾಟಿ ಹೊರಬೇಕು. ಅಲ್ಲಿ ಮರದ ತೊಲೆ ಹೊತ್ತು ನಡೆಯಲು ಆಗುವುದಿಲ್ಲ.

ಬಿದಿರು ಹುಲ್ಲಿನ ಜಾತಿ. ನಮ್ಮ ಕಡೆಯ ಮುಳ್ಳಿನ ಹೆಬ್ಬಿದಿರು ಬಾಳಿನಲ್ಲಿ ಒಂದೇ ಸಲ, ಸುಮಾರು 40ರಿಂದ 45 ವರ್ಷಕ್ಕೆ ಹೂ ಬಿಟ್ಟು, ಅಕ್ಕಿ ಉದುರಿಸಿ, ಇಡೀ ಮೆಳೆಯೇ ಒಣಗಿ ಸಾಯುತ್ತದೆ. ಹಾಗೆ ಬಿದಿರು ಹೋದ ಕಾಲದಲ್ಲಿ ಸಿದಿಗೆಗೆ ಎರಡು ಗಳ ಹುಡುಕಿಕೊಂಡು ಪಕ್ಕದೂರಿಗೆ ಹೋದದ್ದನ್ನು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಸಿಗದಿದ್ದರೆ ಎಳೆ ಅಡಿಕೆ ಮರ ಕಡಿದು ಸುಧಾರಿಸುತ್ತಿದ್ದರಂತೆ.

ಕೆಲವರು ಕಾನೂನಿನ ಬಗ್ಗೆಯೂ ಕೇಳಿದ್ದಾರೆ. ಸ್ವಂತ ಜಾಗದಲ್ಲಿ ಬೆಳೆದ ಬಿದಿರು ಮೊದಲು 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ‘ಮರ’ದ ಪಟ್ಟಿಯಲ್ಲಿತ್ತು. 2017ರ ತಿದ್ದುಪಡಿಯಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ತೆಗೆದರು.

ಸಿದಿಗೆಗೂ ಹಳಗನ್ನಡದ ‘ಸಿವಿಗೆ’ಗೂ ಸಂಬಂಧ ಇದೆಯಾ?

ಒಳ್ಳೆಯ ಪ್ರಶ್ನೆ. ಹಳಗನ್ನಡ ಓದುವ ಮಕ್ಕಳು ಇದನ್ನು ತಪ್ಪದೆ ಕೇಳುತ್ತಾರೆ. ಸಿವಿಗೆ ಅಂದರೆ ಪಲ್ಲಕ್ಕಿ. ಸಂಸ್ಕೃತದ ‘ಶಿಬಿಕಾ’ ಎಂಬುದರ ತದ್ಭವ. ಶಕಾರ ಸಕಾರವಾಗಿದೆ, ಬಕಾರ ವಕಾರವಾಗಿದೆ, ಕೊನೆಯ ಕಕಾರ ಗಕಾರವಾಗಿದೆ. ಮೂರೂ ಕನ್ನಡದಲ್ಲಿ ನೂರಾರು ಪದಗಳಲ್ಲಿ ಆದ ಬದಲಾವಣೆಯೇ.

ಸಿದಿಗೆಯ ನಡುವೆ ಇರುವುದು ದಕಾರ. ಬಕಾರದಿಂದ ದಕಾರಕ್ಕೆ ಅಂಥ ನೇರ ದಾರಿ ಇಲ್ಲ. ಕೇಳಲು ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ಬೇರಿಗೆ ಕಟ್ಟುವುದು ಸರಿಯಲ್ಲ. ನಾನು ಮಕ್ಕಳಿಗೆ ಇವನ್ನು ಎರಡು ಪದ ಅಂತಲೇ ಹೇಳಿಕೊಡುತ್ತೇನೆ.

ಆದರೆ ಅರ್ಥದ ಕಡೆಯಿಂದ ನೋಡಿದರೆ ಒಂದು ಸೊಗಸಾದ ವಿಷಯ ಇದೆ. ಸಂಸ್ಕೃತದ ಶಿಬಿಕೆ ಬದುಕಿದ್ದವರನ್ನೂ ಹೊರುತ್ತಿತ್ತು, ಸತ್ತವರನ್ನೂ ಹೊರುತ್ತಿತ್ತು. ವಾಲ್ಮೀಕಿ ರಾಮಾಯಣದಲ್ಲಿ ದಶರಥನ ದೇಹವನ್ನು ಶಿಬಿಕೆಯಲ್ಲಿ ಇಟ್ಟು ಒಯ್ಯುತ್ತಾರೆ. ಕಿಷ್ಕಿಂಧಾಕಾಂಡದಲ್ಲಿ ವಾಲಿಯ ದೇಹಕ್ಕೂ ಶಿಬಿಕೆಯೇ ಬರುತ್ತದೆ. ಅಯೋಧ್ಯೆಯ ರಾಜನಿಗೂ ಕಾಡಿನ ವಾನರ ರಾಜನಿಗೂ ಕವಿ ಒಂದೇ ಪದ ಬಳಸಿದ್ದಾನೆ. ಇದನ್ನು ಓದಿದ ಮೇಲೆ, ಸಾವಿನ ಮೆರವಣಿಗೆಯಲ್ಲಿ ಹೂವು ಸುರಿದು, ಅರಳು ಎರಚಿ, ವಾದ್ಯ ಹಿಡಿಸಿ ಒಯ್ಯುವುದು ಯಾಕೆ ಅಂತ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

‘ವಿಮಾನ ಕಟ್ಟಿದರು’ ಅನ್ನುತ್ತಾರಲ್ಲ, ಅದೇನು?

ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತ ಭಂಗಿಯಲ್ಲೇ ಒಯ್ದು, ಕುಣಿಯಲ್ಲಿ ಕೂತಂತೆಯೇ ಇಟ್ಟು, ವಿಭೂತಿ ಹಾಕಿ ಮುಚ್ಚುತ್ತಾರೆ. ಅದಕ್ಕೆ ಮಲಗಿಸುವ ಸಿದಿಗೆ ಆಗುವುದಿಲ್ಲ. ಬಿದಿರು, ಬಾಳೆಕಂಬ, ಹೂವು ಸೇರಿಸಿ, ಹಿಂದೆ ಒರಗು ಮೇಲೆ ಮಂಟಪ ಇರುವ ಹಾಗೆ ಕಟ್ಟಬೇಕು. ಅದು ವಿಮಾನ. ಶಿಕಾರಿಪುರ, ಸೊರಬದ ಕಡೆಯೂ ಈ ಮಾತು ಇದೆ, ಉತ್ತರ ಕರ್ನಾಟಕದಲ್ಲಂತೂ ದಿನದ ಮಾತು.

ಚಿಕ್ಕ ಮಕ್ಕಳು ಇದನ್ನು ಕೇಳಿ ಗಾಬರಿ ಆಗುತ್ತಾರೆ, ಅವರಿಗೆ ವಿಮಾನ ಅಂದರೆ ಆಕಾಶದಲ್ಲಿ ಹಾರುವುದು. ಅವರಿಗೆ ವೀರಗಲ್ಲು ತೋರಿಸಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂನಲ್ಲಿ ಇವೆ, ಬಳ್ಳಿಗಾವಿಯಲ್ಲಿ ಇವೆ, ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಹೊಲದ ಬದುವಿನಲ್ಲೂ ನಿಂತಿವೆ. ಸಾಮಾನ್ಯವಾಗಿ ಮೂರು ಹಂತ ಇರುತ್ತದೆ. ಕೆಳಗೆ ಹೋರಾಟ, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಎಷ್ಟೋ ಕಲ್ಲುಗಳಲ್ಲಿ ಅವನು ಮಂಟಪದಂಥ ವಿಮಾನದಲ್ಲಿ ಕೂತಿರುತ್ತಾನೆ. ಒಮ್ಮೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಆ ನಡುವಿನ ಹಂತ ನೋಡಿ, ‘ಸಾರ್, ನಮ್ಮಜ್ಜಿನೂ ಹಿಂಗೇ ಕೂರಿಸಿದ್ರು’ ಅಂದಳು. ಪುಸ್ತಕದಿಂದ ನಾನು ಹೇಳಿಕೊಡಲು ಆಗದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳು.

ಮುಸ್ಲಿಮರು, ಕ್ರೈಸ್ತರು ಏನನ್ನುತ್ತಾರೆ?

ಮುಸ್ಲಿಮರಲ್ಲಿ ‘ಜನಾಜಾ’. ಅರಬ್ಬಿಯಿಂದ ಬಂದ ಪದ. ಹೊರುವ ಮಂಚಕ್ಕೂ ಅದೇ, ಅಂತಿಮಯಾತ್ರೆಗೂ ಅದೇ. ಸಿದಿಗೆಯ ಹಾಗೆ ಅದನ್ನು ಪ್ರತಿ ಸಲ ಹೊಸದಾಗಿ ಕಟ್ಟುವುದಿಲ್ಲ. ಮಸೀದಿಯಲ್ಲಿ ಇಟ್ಟಿರುತ್ತಾರೆ, ಬೇಕಾದ ಮನೆಗೆ ತಂದು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ಇಡುತ್ತಾರೆ. ಹೆಗಲು ಕೊಡುವುದನ್ನು ಪುಣ್ಯ ಅನ್ನುತ್ತಾರೆ, ದಾರಿಯಲ್ಲಿ ಸಿಕ್ಕವರೂ ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಹೋಗುತ್ತಾರೆ. ಕ್ರೈಸ್ತರಲ್ಲಿ ಶವಪೆಟ್ಟಿಗೆ, ಮಾತಿನಲ್ಲಿ ಬರೀ ‘ಪೆಟ್ಟಿಗೆ’.

ಹೆಣ, ಶವ, ಪಾರ್ಥಿವ ಶರೀರ: ಯಾವುದು ಸರಿ?

ಎಲ್ಲವೂ ಸರಿ. ಹೆಣ ಅಚ್ಚಗನ್ನಡ, ಹಳಗನ್ನಡದಲ್ಲಿ ‘ಪೆಣ’, ತಮಿಳಿನಲ್ಲಿ ‘ಪಿಣಂ’. ಮನೆಯವರ ಎದುರು ಹೆಣ ಅನ್ನಬೇಡಿ, ನೋವಾಗುತ್ತದೆ. ನಮ್ಮ ಕಡೆ ಆ ಹೊತ್ತಿನಲ್ಲಿ ಸತ್ತವರನ್ನು ಸಂಬಂಧ ಹಿಡಿದೇ ಕರೆಯುತ್ತಾರೆ. ‘ಅಜ್ಜಯ್ಯನ್ನ ಹೊರಗೆ ತನ್ನಿ’ ಅನ್ನುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಚೆಂದ.

ಸುಡುಗಾಡು, ಮಸಣ, ರುದ್ರಭೂಮಿ ಎಲ್ಲ ಒಂದೇನಾ?

ಜಾಗ ಒಂದೇ. ಸುಡು, ಕಾಡು ಸೇರಿ ಸುಡುಗಾಡು. ಆದೇಶ ಸಂಧಿಗೆ ನಾನು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ತಮಿಳಿನಲ್ಲೂ ಇದೇ ರಚನೆ ಇದೆ. ಮಸಣ ಎಂಬುದು ‘ಶ್ಮಶಾನ’ದ ತದ್ಭವ. ರುದ್ರಭೂಮಿ ಬೋರ್ಡಿನ ಮೇಲೆ ಬರೆಯುವ ಪದ. ಮಲೆನಾಡಿನಲ್ಲಿ ಒಂಟಿ ಮನೆಗಳು ಜಾಸ್ತಿ, ಹಾಗಾಗಿ ಎಷ್ಟೋ ಮನೆತನಗಳಿಗೆ ತಮ್ಮ ಜಮೀನಿನ ಅಂಚಿನಲ್ಲೇ ಸುಡುವ ಜಾಗ ಇರುತ್ತದೆ. ಅದಕ್ಕೆ ಹೆಸರೇ ಇರುವುದಿಲ್ಲ. ‘ಆಚೆ ದಿಬ್ಬ’ ಅಂದರೆ ಮನೆಯವರಿಗೆಲ್ಲ ಗೊತ್ತು.

ಕುವೆಂಪು ಅವರ ಅಂತ್ಯಕ್ರಿಯೆ ನಡೆದದ್ದು ಕೂಡ ಮನೆತನದ ಊರಿನಲ್ಲೇ. 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡ ಅವರನ್ನು ಕುಪ್ಪಳಿಗೆ ತಂದು ಕವಿಶೈಲದಲ್ಲಿ ಬೆಂಕಿಗೆ ಒಪ್ಪಿಸಿದರು. ಸಮಾಧಿ ಅಲ್ಲೇ ಇದೆ. ಅಲ್ಲಿ ನಿಂತು ಸುತ್ತಲಿನ ಕಾಡು ನೋಡಿದವರಿಗೆ, ಸ್ವಂತ ದಿಬ್ಬದಲ್ಲಿ ಮಣ್ಣಾಗುವ ಮಲೆನಾಡಿನ ಆಸೆ ಎಂಥದ್ದು ಅಂತ ತಿಳಿಯುತ್ತದೆ.

ಬೈಗುಳದಲ್ಲಿ ಈ ಪದ ಯಾಕೆ ಇಷ್ಟು ಬರುತ್ತದೆ?

‘ನಿನ್ನ ಸಿದಿಗೆ ಕಟ್ಟ’, ‘ನಿನ್ನ ಚಟ್ಟ ಕಟ್ಟ’, ‘ಸಿದಿಗೆ ಮೇಲೆ ಹೋಗ’. ಇವು ಶಾಪ. ನೀನು ಸಾಯಿ ಅಂತ ನೇರವಾಗಿ ಹೇಳುವುದಕ್ಕಿಂತ ಇವು ಜಾಸ್ತಿ ಚುಚ್ಚುತ್ತವೆ, ಯಾಕಂದರೆ ಕಣ್ಣಿಗೆ ಚಿತ್ರ ಕಟ್ಟುತ್ತವೆ. ಹೀಗಿದ್ದರೂ ಮಲೆನಾಡಿನ ಅಜ್ಜಿಯರು ಇದನ್ನೇ ಮುದ್ದಿನಿಂದಲೂ ಹೇಳುತ್ತಾರೆ. ಕೆಸರು ಮಾಡಿಕೊಂಡು ಬಂದ ಮೊಮ್ಮಗನನ್ನು ‘ಏ ನಿನ್ ಸಿದ್ಗೆ’ ಅಂತ ಬೈದು, ಅದೇ ಕೈಯಲ್ಲಿ ತಲೆ ಒರೆಸುತ್ತಾರೆ. ಆಗ ಅರ್ಥ ಪೂರ್ತಿ ಸೋರಿ ಹೋಗಿ ಬರೀ ಅಕ್ಕರೆ ಉಳಿದಿರುತ್ತದೆ.

ಇನ್ನೊಂದು ಬಳಕೆ ಭಾಷಣಗಳಲ್ಲಿ ಕೇಳಿರುತ್ತೀರಿ: ಚಟ ಮನುಷ್ಯನನ್ನು ಚಟ್ಟಕ್ಕೆ ಏರಿಸುತ್ತದೆ. ಚಟ ಅಂದರೆ ಕೆಟ್ಟ ಅಭ್ಯಾಸ, ಒಂದು ಒತ್ತಕ್ಷರ ಸೇರಿದರೆ ಚಟ್ಟ. ಕುಡಿತ ಬಿಡಿಸುವ ಶಿಬಿರಗಳ ಗೋಡೆಯ ಮೇಲೂ ಇದೆ.

‘ಹೆಗಲು ಕೊಡು’ ಅನ್ನುವುದು ಇದೇ ಕೆಲಸದಿಂದ ಬಂದ ನುಡಿಗಟ್ಟೇ? ಭಾರ ಹೊರುವ ಎಲ್ಲ ಕೆಲಸಕ್ಕೂ ಹೆಗಲು ಬೇಕು, ಗಾಡಿಗೂ ಬೇಕು, ಪಲ್ಲಕ್ಕಿಗೂ ಬೇಕು. ಆದರೆ ‘ಅವನಿಗೆ ಹೆಗಲು ಕೊಡೋರೂ ಇಲ್ಲ’ ಅಂದಾಗ ಮಾತ್ರ ಅರ್ಥ ಒಂದೇ. ಸಾಯುವಾಗ ಜೊತೆಗೆ ಯಾರೂ ಇಲ್ಲ ಅಂತ. ಇದಕ್ಕಿಂತ ಕಠಿಣ ಮಾತು ನಮ್ಮ ಕಡೆ ಇಲ್ಲ.

ಹಿರಿಯರು ಈ ಪದ ಹೇಳಲೇ ಹಿಂಜರಿಯುತ್ತಾರಲ್ಲ?

ಕಾಯಿಲೆಯವರು ಇರುವ ಮನೆಯಲ್ಲಿ, ಮದುವೆ ಹತ್ತಿರ ಇರುವ ಮನೆಯಲ್ಲಿ ಹೇಳುವುದಿಲ್ಲ. ಸಾವಾದ ದಿನವೂ ಕೆಲವರು ‘ಅದನ್ನ ಕಟ್ಟಿ ಆಯ್ತಾ?’ ಅಂತಷ್ಟೇ ಕೇಳುತ್ತಾರೆ. ನಾವು ಮಕ್ಕಳಾಗಿದ್ದಾಗ ನೆಲಕ್ಕೆ ಮಲಗಿಸಿದ ಏಣಿಯ ಮೇಲೆ ಮಲಗಿ ಆಡಿದರೆ ಅಮ್ಮ ಓಡಿ ಬಂದು ಎಬ್ಬಿಸುತ್ತಿದ್ದರು. ಕಾರಣ ಹೇಳುತ್ತಿರಲಿಲ್ಲ. ಅಜ್ಜಯ್ಯನ ದಿನ ಅಂಗಳದಲ್ಲಿ ಆ ಏಣಿಯಂಥದ್ದನ್ನು ಕಂಡಾಗ ನನಗೆ ಕಾರಣ ಗೊತ್ತಾಯಿತು.

ಇಂಗ್ಲಿಷಿನಲ್ಲಿ ಇದಕ್ಕೆ ಏನನ್ನುತ್ತಾರೆ?

ಚಟ್ಟಕ್ಕೆ ಸರಿಸಮ ಪದ ‘ಬಿಅರ್’. ಹೊರು ಎಂಬ ಅರ್ಥದ ಅವರ ಕ್ರಿಯಾಪದಕ್ಕೂ ಇದಕ್ಕೂ ಒಂದೇ ಮೂಲ. ಅಂದರೆ ಹೊರುವಂಥದ್ದು ಅಂತಲೇ ಹೆಸರು.

‘ಕ್ಯಾಟಫಾಲ್ಕ್’ ಬೇರೆ. ಅದು ಇಟಲಿಯ ಭಾಷೆಯಿಂದ ಬಂದದ್ದು. ಪೆಟ್ಟಿಗೆಯನ್ನು ಜನರ ದರ್ಶನಕ್ಕೆ ಎತ್ತರದಲ್ಲಿ ಇಡುವ ಅಟ್ಟಣೆ. ಕಟ್ಟಡ ಕಟ್ಟುವಾಗ ಹಾಕುವ ಅಟ್ಟಣೆಗೆ ಇಂಗ್ಲಿಷಿನಲ್ಲಿ ಇರುವ ಪದವೂ ಇದೇ ಬಳಗದ್ದು. ಅಮೆರಿಕದ ಅಧ್ಯಕ್ಷ ಲಿಂಕನ್ 1865ರಲ್ಲಿ ಕೊಲೆಯಾದಾಗ, ಅವರ ಪೆಟ್ಟಿಗೆ ಇಡಲು ಒರಟು ಪೈನ್ ಹಲಗೆಗಳಿಂದ ಒಂದು ಅಟ್ಟಣೆ ಮಾಡಿ ಕಪ್ಪು ಬಟ್ಟೆ ಹೊದಿಸಿದರು. ಅದನ್ನು ಇವತ್ತಿಗೂ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಕಾಪಾಡಿದ್ದಾರೆ. 1963ರಲ್ಲಿ ಕೆನಡಿ ಅವರ ಪೆಟ್ಟಿಗೆಯನ್ನೂ ಅದರ ಮೇಲೆಯೇ ಇಟ್ಟಿದ್ದರು. ಬಟ್ಟೆ ಬದಲಾಗಿದೆ, ಹಲಗೆ ಅದೇ. ನಮ್ಮ ಸಿದಿಗೆ ಇದಕ್ಕೆ ನೇರ ವಿರುದ್ಧ. ನಮ್ಮಲ್ಲಿ ಅದನ್ನು ಉಳಿಸುವುದೇ ಇಲ್ಲ.

‘ಹರ್ಸ್’ ಎಂಬ ಪದದ ಕಥೆ ರೈತರಿಗೆ ಇಷ್ಟ ಆಗುತ್ತದೆ. ಈಗ ಅದಕ್ಕೆ ಶವ ಒಯ್ಯುವ ಗಾಡಿ ಅಂತ ಅರ್ಥ. ಮೂಲದಲ್ಲಿ ಹಳೆಯ ಫ್ರೆಂಚಿನಲ್ಲಿ ಅದು ಉತ್ತ ಮಣ್ಣಿನ ಹೆಂಟೆ ಒಡೆಯುವ ಹಲುಬೆಯ ಹೆಸರು! ಹಲ್ಲು ಹಲ್ಲು ಇರುವ ಹಲುಬೆಯಂಥ ಚೌಕಟ್ಟಿಗೆ ಮೇಣದ ಬತ್ತಿಗಳನ್ನು ಚುಚ್ಚಿ ಚರ್ಚಿನಲ್ಲಿ ಶವಪೆಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಚೌಕಟ್ಟಿನ ಹೆಸರು ನಿಧಾನಕ್ಕೆ ಪೆಟ್ಟಿಗೆ ಇಡುವ ಜಾಗಕ್ಕೆ, ಆಮೇಲೆ ಒಯ್ಯುವ ಗಾಡಿಗೆ ದಾಟಿತು. ಹಲುಬೆ ಹೊಡೆದು ಬಂದ ಒಬ್ಬ ಮಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಣ್ಣಿನ ಕೆಲ್ಸದ ಸಾಮಾನೇ ಕೊನಿಗೂ ಬರ್ತದೆ ಹಂಗಾರೆ’ ಅಂದರು.

ಗಣ್ಯರ ಅಂತಿಮ ದರ್ಶನಕ್ಕೆ ಹಾಕುವ ವೇದಿಕೆಯನ್ನು ಚಟ್ಟ ಅನ್ನಬಹುದಾ?

ಬೇಡ. ಅದು ಹೊರುವಂಥದ್ದಲ್ಲ, ನಿಂತಿರುವಂಥದ್ದು. ‘ದರ್ಶನದ ವೇದಿಕೆ’ ಸಾಕು. ‘ಅಟ್ಟಣೆ’ ಎಂಬ ಪದವನ್ನೂ ಬಳಸಬಹುದು, ಯಾರೂ ಬಳಸುತ್ತಿಲ್ಲ ಅಷ್ಟೇ.

ಮಳೆಗಾಲದಲ್ಲಿ ಏನು ಮಾಡುತ್ತಾರೆ?

ಇದು ಪದದ ಪ್ರಶ್ನೆ ಅಲ್ಲ, ಆದರೂ ಬಯಲುಸೀಮೆಯವರು ಕೇಳುತ್ತಲೇ ಇರುತ್ತಾರೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಿಂದೆ ಚಿತೆಯ ಮೇಲೆ ಎತ್ತರದಲ್ಲಿ ನಾಲ್ಕು ಕಂಬ ನೆಟ್ಟು ಹಸಿ ಸೋಗೆ ಹೊದಿಸುತ್ತಿದ್ದರು. ಆಮೇಲೆ ತಗಡು ಬಂತು. ಸೌದೆಗೆ ಮಾವಿನ ಮರ ಕಡಿಯುವುದು ರೂಢಿ, ಮನೆಯ ಅಟ್ಟದ ಒಣ ಸೌದೆಯನ್ನು ಅಡಿಗೆ ಹಾಕುತ್ತಾರೆ. ಅಜ್ಜಯ್ಯನ ದಿನ ಅಕ್ಕಪಕ್ಕದ ಮನೆಗಳವರು ತಮ್ಮ ತಮ್ಮ ಬಚ್ಚಲ ಒಲೆಗೆ ಇಟ್ಟಿದ್ದ ಒಣ ಕಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಹೊತ್ತು ತಂದಿದ್ದರು. ಆ ಮಳೆಯಲ್ಲಿ ಒಂದು ಹೊರೆ ಒಣ ಸೌದೆ ಕೊಡುವುದು ಎಂಥ ದಾನ ಅಂತ ಮಲೆನಾಡಿನವರಿಗೆ ಗೊತ್ತು. ಈಗ ಎಷ್ಟೋ ರುದ್ರಭೂಮಿಗಳಲ್ಲಿ ಮೇಲೆ ಶೆಡ್ ಇದೆ, ಕೆಳಗೆ ಕಬ್ಬಿಣದ ಚೌಕಟ್ಟು ಇದೆ.

ಕೆಲಸ ಮುಗಿದ ಮೇಲೆ ಸಿದಿಗೆಯನ್ನು ಏನು ಮಾಡುತ್ತಾರೆ?

ಅಲ್ಲೇ ಕಟ್ಟು ಕಡಿದು ಬಿಡಿಸುತ್ತಾರೆ. ನಮ್ಮ ಕಡೆ ದಬ್ಬೆ, ಹುಲ್ಲು ಬೆಂಕಿಗೆ ಹೋಗುತ್ತವೆ. ಗಳಗಳನ್ನು ಸೀಳಿ ಪಕ್ಕಕ್ಕೆ ಹಾಕುತ್ತಾರೆ. ಸೀಳದೆ ಬೆಂಕಿಗೆ ಹಾಕಿದರೆ ಗಿಣ್ಣಿನ ನಡುವಿನ ಗಾಳಿ ಕಾದು ಬಿದಿರು ಸಿಡಿಯುತ್ತದೆ. ಏನೇ ಆದರೂ ಅದರ ಒಂದು ಕಡ್ಡಿಯೂ ಮನೆಗೆ ವಾಪಸ್ ಬರಬಾರದು. ಬೂದಿಯನ್ನು ತುಂಗೆಗೋ, ತುಂಗೆ ಭದ್ರೆ ಸೇರುವ ಕೂಡ್ಲಿಗೋ ಒಯ್ಯುತ್ತಾರೆ.

ಹೆಂಗಸರು ಹೆಗಲು ಕೊಡಬಹುದಾ?

ಹಿಂದೆ ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಅಂಗಳ ದಾಟಿ ಹೋಗುತ್ತಿರಲಿಲ್ಲ. ಈಗ ಹೆಣ್ಣುಮಕ್ಕಳು ಹೆಗಲು ಕೊಟ್ಟದ್ದನ್ನೂ ಕೊಳ್ಳಿ ಇಟ್ಟದ್ದನ್ನೂ ನೋಡಿದ್ದೇನೆ. ನನ್ನನ್ನು ಕೇಳಿದರೆ, ಅಪ್ಪನನ್ನು ಕೊನೆಯ ವರ್ಷಗಳಲ್ಲಿ ಎತ್ತಿ ಕೂರಿಸಿ, ಮಲಗಿಸಿ, ನೋಡಿಕೊಂಡ ಮಗಳ ಹೆಗಲಿಗೆ ಆ ಭಾರ ಹೊಸದೇನಲ್ಲ. ಕೊಡಲಿ.

ಈಗ ಆಂಬುಲೆನ್ಸ್, ಮುಕ್ತಿವಾಹನ ಬಂದಿವೆ. ಇನ್ನು ಈ ಪದ ಯಾಕೆ?

ಗಾಡಿ ಬರಲಿ, ಒಳ್ಳೆಯದೇ. ಮನೆಯಲ್ಲಿ ಇಬ್ಬರು ಮುದುಕರು ಮಾತ್ರ ಇರುವ ಹಳ್ಳಿಗಳಲ್ಲಿ ಹೊರಲು ನಾಲ್ಕು ಜನ ಸಿಗುವುದು ಕಷ್ಟ. ಮಕ್ಕಳು ಬೆಂಗಳೂರಿನಿಂದ ಬರುವ ತನಕ ಫ್ರೀಜರ್ ಬಾಕ್ಸಿನಲ್ಲಿ ಇಡಬೇಕಾಗುತ್ತದೆ. ನಾನು ಇದನ್ನು ಯಾರ ತಪ್ಪು ಅಂತಲೂ ಹೇಳುವುದಿಲ್ಲ. ಆದರೆ ಗಾಡಿ ಬರುವ ರಸ್ತೆ ಮನೆಯ ತನಕ ಇರುವುದಿಲ್ಲ. ಬಾಗಿಲಿನಿಂದ ಗಾಡಿಯ ತನಕ, ಗಾಡಿಯಿಂದ ಚಿತೆಯ ತನಕ ಇವತ್ತಿಗೂ ಯಾವುದಾದರೂ ಒಂದು ಹಾಸು ಬೇಕು, ನಾಲ್ಕು ಹೆಗಲು ಬೇಕು.

ನಮ್ಮ ಅಜ್ಜಿ ತೀರಿಕೊಂಡಾಗ ಒಂದು ಪತ್ರಿಕೆಗೆ ನಾಲ್ಕು ಸಾಲು ನೆನಪು ಬರೆದು ಕಳಿಸಿದ್ದೆ. ಅದರಲ್ಲಿ ‘ಸಿದಿಗೆ ಕಟ್ಟಿದ ಕೈಗಳಿಗೆ ನಮಸ್ಕಾರ’ ಅಂತ ಇತ್ತು. ಅಚ್ಚಾಗಿ ಬಂದಾಗ ‘ಸಿಂದಗಿ’ ಅಂತ ಊರಿನ ಹೆಸರು ಮಾಡಿದ್ದರು. ತಿದ್ದಿದವರಿಗೆ ಪದ ಗೊತ್ತಿರಲಿಲ್ಲ. ಆ ಕೈಗಳವರು ಅದನ್ನು ಓದಿ ‘ಇದೇನು ಬರ್ದೀಯ?’ ಅಂತ ಕೇಳಿದಾಗ ಬಹಳ ಬೇಜಾರಾಯಿತು. ಅವರ ಕೆಲಸಕ್ಕೆ ಇದ್ದ ಒಂದೇ ಪದವೂ ಅವರಿಗೆ ತಲುಪಲಿಲ್ಲ. ಇಷ್ಟು ಉದ್ದ ಬರೆಯಲು ನಿಜವಾದ ಕಾರಣ ಅದೇ.

ನಿಘಂಟಿನಲ್ಲಿ ಸಿಗುತ್ತದಾ?

ಚಟ್ಟ ಎಲ್ಲ ನಿಘಂಟುಗಳಲ್ಲೂ ಇದೆ. ಹಳ್ಳಿಯ ಪದಗಳಿಗೆ ನಾನು ಮೊದಲು ತೆರೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು. ಎರಡೂ ಈಗ ಇಂಟರ್ನೆಟ್ಟಿನಲ್ಲಿ ಓದಲು ಸಿಗುತ್ತವೆ. ಹುಡುಕುವಾಗ ಸಿದಿಗೆ, ಸಿದಗಿ ಎರಡೂ ರೂಪ ಹಾಕಿ ನೋಡಿ.

ಬರೆಯುವಾಗ ಯಾವ ರೂಪ ಬಳಸಲಿ?

ಕಥೆಯಲ್ಲಿ ಪಾತ್ರ ಮಾತಾಡುತ್ತಿದ್ದರೆ ಆ ಊರಿನ ರೂಪ. ಸೊರಬದವರಿಗೂ ಬಾಗಲಕೋಟೆಯವರಿಗೂ ಒಂದೇ ರೂಪ ಕೊಡಬೇಡಿ. ನೀವೇ ಹೇಳುವ ಸಾಲಿನಲ್ಲಿ ‘ಸಿದಿಗೆ’ ಬರೆಯಿರಿ. ಓದುವವರಿಗೆ ಗೊತ್ತಾಗುತ್ತದೋ ಇಲ್ಲವೋ ಅನ್ನಿಸಿದರೆ ಪಕ್ಕದಲ್ಲೇ ಗಳ, ದಬ್ಬೆ, ಹುಲ್ಲು ಎಂಬ ಮಾತು ಬರಲಿ, ಅರ್ಥ ತಾನಾಗಿ ತಿಳಿಯುತ್ತದೆ.

ನಮ್ಮೂರಲ್ಲಿ ಬೇರೆ ಪದ ಇದೆ. ನಿಮಗೆ ತಿಳಿಸಬಹುದಾ?

ಖಂಡಿತ ತಿಳಿಸಿ. ಪದದ ಜೊತೆ ಊರು, ತಾಲ್ಲೂಕು, ಯಾವ ಸಂದರ್ಭದಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ. ಸಾಧ್ಯವಾದರೆ ಕಟ್ಟಿದ ಅನುಭವ ಇರುವ ಹಿರಿಯರನ್ನೇ ಕೇಳಿ. ಅವರು ಆರೋಗ್ಯವಾಗಿರುವಾಗ, ಮನೆಯಲ್ಲಿ ಶುಭಕಾರ್ಯ ಹತ್ತಿರ ಇಲ್ಲದಿರುವಾಗ, ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿರುವಾಗ ಕೇಳಿ. ಮೊದಲು ಬಿದಿರಿನ ಬಗ್ಗೆ ಕೇಳಿ, ಯಾವ ಮೆಳೆಯದ್ದು ಗಟ್ಟಿ, ಯಾವ ಕಟ್ಟು ಜಾರುವುದಿಲ್ಲ ಅಂತ. ಪದ ಆಮೇಲೆ ಅವರೇ ಹೇಳುತ್ತಾರೆ.